ಒಂದು ಬಾಟಲಿ ಭೀಮಾ ನೀರು: ಇ-ಡಿಎನ್‌ಎ ಪರೀಕ್ಷೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಕೆರೆಯ ನೀರನ್ನು ಒಂದು ಬಾಟಲಿ ತುಂಬಿ ಪ್ರಯೋಗಾಲಯಕ್ಕೆ ಕೊಟ್ಟರೆ ಸಾಕು, ಅಲ್ಲಿರುವ ಮೀನು, ಕಪ್ಪೆ, ಆಮೆಗಳ ಪಟ್ಟಿಯೇ ಬರುತ್ತದೆ ಎಂಬ ಸುದ್ದಿ ಇತ್ತೀಚೆಗೆ ಮತ್ತೆ ಮತ್ತೆ ಕಾಣಿಸುತ್ತಿದೆ. ಹೈದರಾಬಾದಿನ ಸಿಸಿಎಂಬಿ (ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರ) ವಿಜ್ಞಾನಿಗಳು ಒಡಿಶಾದ ಚಿಲಿಕಾ ಸರೋವರದ ನೀರಿನಿಂದಲೇ ಅಲ್ಲಿನ ಜೀವವೈವಿಧ್ಯವನ್ನು ಅಳೆದಿದ್ದಾರೆ. ದಕ್ಷಿಣ ಅಮೆರಿಕ ಮೂಲದ ಸಕ್ಕರ್ ಮೀನು ಪೂರ್ವ ಘಟ್ಟದ ಜಲಮೂಲಗಳಲ್ಲಿ ಎಲ್ಲೆಲ್ಲಿ ಹರಡಿದೆ ಎಂಬುದನ್ನೂ ಇದೇ ವಿಧಾನದಿಂದ ಪತ್ತೆ ಮಾಡಿದ್ದಾರೆ. ಆ ಪ್ರಯೋಗಾಲಯ ಬೀದರಿನಿಂದ ಮೂರು ತಾಸಿನ ಹಾದಿ. ಹೀಗಿರುವಾಗ ಬೀದರ್, ಕಲಬುರಗಿ, ಯಾದಗಿರಿ ಜಿಲ್ಲೆಗಳ ಭೀಮಾ, ಕಾಗಿಣಾ, ಮಾಂಜ್ರಾ ನದಿಗಳಲ್ಲೂ ಇದನ್ನೇ ಮಾಡಿ ಮುಗಿಸಬಾರದೇಕೆ ಎಂದು ಒಬ್ಬರು ಕೇಳುತ್ತಾರೆ. ಬಲೆಗೆ ಒಂದೂ ಮೀನು ಬೀಳದೆ ‘ಮೀನಿದೆ’ ಎಂದರೆ ನಂಬುವುದು ಹೇಗೆ ಎಂದು ಇನ್ನೊಬ್ಬರು ಕೇಳುತ್ತಾರೆ. ಎರಡೂ ನ್ಯಾಯವಾದ ಪ್ರಶ್ನೆಗಳೇ. ಉತ್ತರ ಮಾತ್ರ ಬಾಟಲಿ ತುಂಬಿದ ಜಾಗ, ಕಾಲ, ರೀತಿಯ ಮೇಲೆ ನಿಂತಿದೆ.

ನೀರಿನಲ್ಲಿ ಉಳಿಯುವುದು ಏನು

ಮೀನು ಈಜುತ್ತ ಹೋದಂತೆ ಅದರ ಮೈಮೇಲಿನ ಲೋಳೆ ನೀರಿಗೆ ಸೇರುತ್ತದೆ, ಹುರುಪೆ ಉದುರುತ್ತದೆ. ಮಲ, ಮೊಟ್ಟೆ, ವೀರ್ಯ ಎಲ್ಲವೂ ನೀರಿಗೇ ಬೀಳುತ್ತವೆ. ಇವುಗಳಲ್ಲಿರುವ ಜೀವಕೋಶಗಳು ಒಡೆದಾಗ ಡಿಎನ್‌ಎ ಹೊರಬಂದು ತೇಲುತ್ತದೆ ಅಥವಾ ಮಣ್ಣಿನ ಕಣಕ್ಕೆ ಅಂಟಿಕೊಳ್ಳುತ್ತದೆ. ಹೀಗೆ ನೀರು, ಮಣ್ಣು, ಗಾಳಿಯಲ್ಲಿ ಬಿಟ್ಟುಹೋದ ಡಿಎನ್‌ಎಯೇ ಪರಿಸರ ಡಿಎನ್‌ಎ, ಚಿಕ್ಕದಾಗಿ ಇ-ಡಿಎನ್‌ಎ. ಪರೀಕ್ಷೆಗೆ ಹೆಚ್ಚಾಗಿ ಬಳಸುವುದು ಜೀವಕೋಶಕ್ಕೆ ಶಕ್ತಿ ಒದಗಿಸುವ ಭಾಗವಾದ ಮೈಟೊಕಾಂಡ್ರಿಯಾದ ಡಿಎನ್‌ಎ. ಕೋಶಕೇಂದ್ರದ ಡಿಎನ್‌ಎ ಒಂದು ಕೋಶದಲ್ಲಿ ಎರಡೇ ಪ್ರತಿ ಇದ್ದರೆ, ಇದು ನೂರಾರು, ಸಾವಿರಾರು ಪ್ರತಿ ಇರುತ್ತದೆ. ಹರಕುಮುರುಕಾದ ಮೇಲೂ ಒಂದಿಷ್ಟು ಸಿಗುವ ಸಾಧ್ಯತೆ ಹೆಚ್ಚು.

2008ರಲ್ಲಿ ಫ್ರಾನ್ಸಿನ ಸಂಶೋಧಕರು ಕೊಳಗಳ ನೀರಿನಲ್ಲಿ ಅಮೆರಿಕನ್ ಬುಲ್‌ಫ್ರಾಗ್ ಎಂಬ ಆಕ್ರಮಣಕಾರಿ ಕಪ್ಪೆಯನ್ನು ಹೀಗೆ ಗುರುತಿಸಿದರು. 2014ರಿಂದ ಇಂಗ್ಲೆಂಡಿನಲ್ಲಿ ಸಂರಕ್ಷಿತ ನ್ಯೂಟ್ ಎಂಬ ಉಭಯಚರ ಕೊಳದಲ್ಲಿದೆಯೇ ಇಲ್ಲವೇ ಎಂಬುದಕ್ಕೆ ಈ ಪರೀಕ್ಷೆಯ ಫಲಿತಾಂಶವನ್ನು ಸರ್ಕಾರವೇ ಒಪ್ಪುತ್ತಿದೆ. ಆದರೆ ಆ ಒಪ್ಪಿಗೆಯ ಹಿಂದೆ ಕಟ್ಟುನಿಟ್ಟಿನ ಕ್ರಮವಿದೆ. ಕೊಳದ ಸುತ್ತ 20 ಕಡೆ ನೀರು ತೆಗೆಯಬೇಕು, ಏಪ್ರಿಲ್ ಮಧ್ಯದಿಂದ ಜೂನ್ ಕೊನೆಯೊಳಗೇ ತೆಗೆಯಬೇಕು, ಪ್ರಯೋಗಾಲಯದಲ್ಲಿ ಒಂದೇ ಮಾದರಿಯನ್ನು 12 ಸಲ ಪರೀಕ್ಷಿಸಬೇಕು.

ಎರಡು ಬೇರೆ ಪರೀಕ್ಷೆಗಳು

ಸುದ್ದಿಗಳಲ್ಲಿ ಎರಡು ಪರೀಕ್ಷೆಗಳು ಒಂದರಲ್ಲೊಂದು ಬೆರೆತುಹೋಗುತ್ತವೆ.

ಮೊದಲನೆಯದು ಒಂದೇ ಜಾತಿಯನ್ನು ಹುಡುಕುವುದು. ಇದು ಕೋವಿಡ್ ಕಾಲದಲ್ಲಿ ಎಲ್ಲರೂ ಕೇಳಿದ ಪಿಸಿಆರ್‌ನ ದಾಯಾದಿ. ಬೇಕಾದ ಜಾತಿಯ ಡಿಎನ್‌ಎಗೆ ಮಾತ್ರ ಅಂಟುವ ಪ್ರೈಮರ್ ಎಂಬ ಚಿಕ್ಕ ಡಿಎನ್‌ಎ ಎಳೆ ಹಾಕಿ, ನಕಲು ಮಾಡುವ ಕ್ರಿಯೆಯನ್ನು 40ರಿಂದ 50 ಸುತ್ತು ನಡೆಸುತ್ತಾರೆ. ಪ್ರತಿ ಸುತ್ತಿಗೆ ಆ ಜಾತಿಯ ಡಿಎನ್‌ಎ ತುಣುಕು ದುಪ್ಪಟ್ಟಾಗುತ್ತದೆ. ‘ಆಫ್ರಿಕನ್ ಕ್ಯಾಟ್‌ಫಿಶ್ ಇದೆಯೇ?’ ಎಂಬ ಪ್ರಶ್ನೆಗೆ ಇದು ಸರಿ. ಇಲ್ಲಿ ಎಡವುವುದು ಪ್ರೈಮರ್‌ನಲ್ಲಿ. ಆ ಮೀನಿನ ಹತ್ತಿರದ ಸಂಬಂಧಿಯಾದ ನಮ್ಮ ನಾಡಿನ ಮಾಗೂರಿಗೂ ಅದು ಅಂಟಿಕೊಂಡರೆ, ಇರಲೇಬೇಕಾದ ಮೀನು ಕಳ್ಳನ ಪಟ್ಟಿಗೆ ಸೇರುತ್ತದೆ. ಬೇರೆ ದೇಶದಲ್ಲಿ ಸಿದ್ಧವಾದ ಪ್ರೈಮರ್ ತಂದು ಇಲ್ಲಿನ ಮೀನುಗಳ ಅಂಗಾಂಶದ ಮೇಲೆ ಪರೀಕ್ಷಿಸದೆ ಬಳಸಿದ ವರದಿಯನ್ನು ನಂಬಬಾರದು.

ಎರಡನೆಯದು ಮೆಟಾಬಾರ್‌ಕೋಡಿಂಗ್. ಮೀನುಗಳೆಲ್ಲಕ್ಕೂ ಅಂಟುವ ಸಾಮಾನ್ಯ ಪ್ರೈಮರ್ ಹಾಕಿ, ಸುಮಾರು 170 ಡಿಎನ್‌ಎ ಅಕ್ಷರದಷ್ಟು ಉದ್ದದ ಒಂದು ತುಣುಕನ್ನು ಹೆಚ್ಚಿಸಿ, ಎಲ್ಲವನ್ನೂ ಒಟ್ಟಿಗೆ ಓದಿ, ದತ್ತಾಂಶ ಕೋಶದಲ್ಲಿರುವ ಡಿಎನ್‌ಎ ಜೊತೆ ತಾಳೆ ನೋಡುತ್ತಾರೆ. ಪಟ್ಟಿ ಸಿಗುವುದು ಇದರಿಂದ. ದತ್ತಾಂಶ ಕೋಶದಲ್ಲಿ ಇಲ್ಲದ ಮೀನಿಗೆ ಹೆಸರೂ ಇಲ್ಲ. ಕಾಟ್ಲಾ, ರೋಹು, ಜಿಲೇಬಿ (ತಿಲಾಪಿಯಾ) ಮೀನಿನಂಥ ಮಾರಾಟದ ಮೀನುಗಳ ದಾಖಲೆ ಹೇರಳವಾಗಿದೆ. ಹಳ್ಳದ ಬೆರಳುದ್ದದ ಮೀನುಗಳಿಗೆ ಆ ಭಾಗ್ಯವಿಲ್ಲ. ಅಂಥ ಮೀನಿನ ತುಣುಕು ಹತ್ತಿರದ ಇನ್ನೊಂದು ಜಾತಿಯ ಹೆಸರಿನಲ್ಲಿ ದಾಖಲಾಗುತ್ತದೆ, ಇಲ್ಲವೇ ‘ಗುರುತಿಸಲಾಗದ್ದು’ ಎಂಬ ಸಾಲಿಗೆ ಬೀಳುತ್ತದೆ. ಹೀಗಾಗಿ ಈ ಪರೀಕ್ಷೆ ಅಪರೂಪದ ಸ್ಥಳೀಯ ಮೀನಿಗಿಂತ ಹೊರಗಿನಿಂದ ಬಂದ ಪ್ರಸಿದ್ಧ ಮೀನನ್ನು ಸುಲಭವಾಗಿ ಹಿಡಿಯುತ್ತದೆ. ಪಟ್ಟಿಯನ್ನು ಓದುವವರು ಈ ವಾಲಿಕೆಯನ್ನು ಗಮನದಲ್ಲಿ ಇಟ್ಟುಕೊಳ್ಳಲೇಬೇಕು.

ನಮ್ಮ ಮೂರು ಜಿಲ್ಲೆಗಳಲ್ಲಿ ಹುಡುಕಬೇಕಾದ್ದು

ಬಳ್ಳಾರಿ ಜಾಲಿ, ಕಾಂಗ್ರೆಸ್ ಹುಲ್ಲು, ಕೆರೆ ಮುಚ್ಚುವ ಜಲಕಳೆ ಇವುಗಳನ್ನು ಹುಡುಕಲು ಡಿಎನ್‌ಎ ಬೇಡ, ಕಣ್ಣು ಸಾಕು. ನೀರಿನ ಒಳಗಿರುವವು, ಇನ್ನೂ ಸಂಖ್ಯೆ ಕಡಿಮೆ ಇರುವವು, ಬಲೆಗೆ ಸಿಗದವು: ಇ-ಡಿಎನ್‌ಎ ಬೇಕಾಗುವುದು ಇಂಥವಕ್ಕೆ.

ಸಕ್ಕರ್ ಮೀನು ಅಕ್ವೇರಿಯಂ ಗಾಜು ಚೊಕ್ಕಟ ಮಾಡಲೆಂದು ಮಾರಾಟವಾಗುವುದು. ದೊಡ್ಡದಾದಾಗ ಮನೆಯವರು ಕೆರೆಗೋ ನಾಲಾಕ್ಕೋ ಬಿಟ್ಟುಬಿಡುತ್ತಾರೆ. ಮೈತುಂಬ ಗಟ್ಟಿ ಕವಚ ಮತ್ತು ಮುಳ್ಳು ಇರುವುದರಿಂದ ಬಲೆಗೆ ಸಿಕ್ಕರೆ ಬಲೆಯೇ ಹರಿಯುತ್ತದೆ. ಮೊಟ್ಟೆಯಿಡಲು ದಂಡೆಯ ಮಣ್ಣಿನಲ್ಲಿ ಉದ್ದನೆಯ ಬಿಲ ಕೊರೆಯುತ್ತದೆ. ಮಣ್ಣಿನ ಏರಿಯ ಕೆರೆಗಳೇ ಹೆಚ್ಚಿರುವ ಕಡೆ ಇದು ಮೀನುಗಾರರ ತಲೆನೋವಷ್ಟೇ ಅಲ್ಲ, ನೀರಾವರಿಯವರ ತಲೆನೋವೂ ಹೌದು. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು ಕೇಂದ್ರ ಸರ್ಕಾರ 2000ದಲ್ಲಿ ನಿಷೇಧಿಸಿದೆ. ಗಾಳಿಯನ್ನೂ ಉಸಿರಾಡಬಲ್ಲ, ಸಿಕ್ಕಿದ್ದೆಲ್ಲ ತಿನ್ನುವ ಈ ಮೀನು ಮಳೆಗಾಲದಲ್ಲಿ ಹೊಂಡ ತುಂಬಿ ಹರಿದರೆ ಹಳ್ಳಕ್ಕೆ ಇಳಿಯುತ್ತದೆ. ಮೊಜಾಂಬಿಕ್ ಜಿಲೇಬಿ ಮೀನು 1952ರಲ್ಲೇ ದೇಶಕ್ಕೆ ಬಂದದ್ದು. ಅದು ‘ಇದೆಯೇ’ ಎಂದು ಕೇಳುವುದಕ್ಕಿಂತ, ಚಿಂಚೋಳಿ ವನ್ಯಧಾಮದೊಳಗಿನ ಚಂದ್ರಂಪಳ್ಳಿ ಜಲಾಶಯದಂಥ ಕಡೆ ‘ಇನ್ನೂ ಇಲ್ಲದ ಮೂಲೆ ಯಾವುದು’ ಎಂದು ಕೇಳುವುದು ಹೆಚ್ಚು ಉಪಯೋಗ.

ನೀರು ತುಂಬುವ ಕೆಲಸ

ಇ-ಡಿಎನ್‌ಎ ಕೆಲಸ ಕೆಡುವುದು ಹೆಚ್ಚಾಗಿ ದಂಡೆಯಲ್ಲೇ. ಬಾಟಲಿ, ಫಿಲ್ಟರ್ ಹಿಡಿಕೆ, ಚಿಮ್ಮಟಗಳನ್ನು ಹತ್ತರಲ್ಲಿ ಒಂದು ಪಾಲು ಬ್ಲೀಚ್ ಬೆರೆಸಿದ ನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿ, ಆಮೇಲೆ ಶುದ್ಧ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಬ್ಲೀಚ್ ಉಳಿದರೆ ಅದು ಮಾದರಿಯ ಡಿಎನ್‌ಎಯನ್ನೂ ತಿನ್ನುತ್ತದೆ. ಪ್ರತಿ ಜಾಗಕ್ಕೂ ಹೊಸ ಕೈಗವಸು. ಹರಿಯುವ ನೀರಾದರೆ ಪ್ರವಾಹಕ್ಕೆ ಮುಖ ಮಾಡಿ ನಿಂತು ಮುಂದಿನ ನೀರನ್ನು ತೆಗೆಯಬೇಕು. ಕೆರೆಯಾದರೆ ಸುತ್ತ 20 ಕಡೆ 50 ಮಿಲಿಲೀಟರ್‌ನಂತೆ ತೆಗೆದು ಬೆರೆಸಿದರೆ ಒಂದು ಲೀಟರ್ ಆಗುತ್ತದೆ. ಇಂಥ ಮಾದರಿ ಒಂದಲ್ಲ, ಹಲವು ಬೇಕು. ಕೆಸರು ಕದಡಬಾರದು. ತಳದ ಮಣ್ಣಿನಲ್ಲಿ ಡಿಎನ್‌ಎ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಉಳಿಯುವುದರಿಂದ, ಕದಡಿದ ನೀರು ಇಂದಿನ ಜೊತೆಗೆ ಹಿಂದಿನದನ್ನೂ ಹೇಳುತ್ತದೆ.

ಮೀನುಗಾರರ ತೆಪ್ಪದಲ್ಲಿ ಹೋಗಿ ಮಾದರಿ ತೆಗೆದರೆ ಸುಲಭ, ಆದರೆ ಅದೇ ತೆಪ್ಪ, ಅದೇ ಬಲೆ ನಿನ್ನೆ ಬೇರೆ ಜಲಾಶಯದಲ್ಲಿದ್ದಿರಬಹುದು. ಒದ್ದೆ ಬಲೆ ತಾಗಿದ ಬಾಟಲಿಯಿಂದ ಬರುವ ಫಲಿತಾಂಶ ಆ ಬಲೆಯದ್ದು, ಕೆರೆಯದ್ದಲ್ಲ. ಇದನ್ನು ಹಿಡಿಯಲು ಪ್ರತಿ ಜಾಗದಲ್ಲೂ ಪ್ರಯೋಗಾಲಯದಿಂದ ತಂದ ಡಿಎನ್‌ಎ ಇಲ್ಲದ ನೀರಿನ ಒಂದು ಬಾಟಲಿಯನ್ನು ಅಲ್ಲೇ ತೆರೆದು, ಅಲ್ಲೇ ಸೋಸಿ, ಉಳಿದವುಗಳ ಜೊತೆಗೇ ಕಳಿಸಬೇಕು. ಇದನ್ನು ಬ್ಲಾಂಕ್ ಎನ್ನುತ್ತಾರೆ. ಬ್ಲಾಂಕ್‌ನಲ್ಲೂ ಮೀನು ಸಿಕ್ಕರೆ ಆ ದಿನದ ಕೆಲಸ ಪೂರ್ತಿ ವ್ಯರ್ಥ. ಬ್ಲಾಂಕ್ ವಿವರ ಕೊಡದ ವರದಿಗೆ ಬೆಲೆಯಿಲ್ಲ.

ತುಂಬಿದ ಬಾಟಲಿ ನೆರಳಿನಲ್ಲಿ, ಐಸ್ ಪೆಟ್ಟಿಗೆಯಲ್ಲಿ ಇರಬೇಕು. ಆದಷ್ಟು ಬೇಗ, ಹೆಚ್ಚೆಂದರೆ 24 ತಾಸಿನೊಳಗೆ ಸೋಸಬೇಕು. ಸಾಮಾನ್ಯವಾಗಿ 0.45 ಮೈಕ್ರಾನ್ ರಂಧ್ರದ ಫಿಲ್ಟರ್ ಬಳಸುತ್ತಾರೆ. ಸೋಸಿದ ಮೇಲೆ ನೀರು ಚೆಲ್ಲಬಹುದು. ಬೇಕಾದ್ದು ಫಿಲ್ಟರ್. ಅದನ್ನು ಮಡಚಿ 95 ಶೇಕಡಾ ಎಥನಾಲ್ ಇರುವ ಚಿಕ್ಕ ಟ್ಯೂಬಿಗೆ ಹಾಕಿದರೆ ಪ್ರಯೋಗಾಲಯಕ್ಕೆ ತಲುಪುವವರೆಗೆ ಉಳಿಯುತ್ತದೆ. ಹೆಚ್ಚು ದಿನ ಇಡುವುದಾದರೆ ಮೈನಸ್ 20 ಡಿಗ್ರಿ ಫ್ರೀಜರ್.

ಎರೆ ಮಣ್ಣು, ಬಿಸಿಲು, ಸುಣ್ಣಗಲ್ಲು

ಈ ಸೀಮೆಯಲ್ಲಿ ಮೇಲಿನ ಕ್ರಮ ಪುಸ್ತಕದಲ್ಲಿದ್ದಂತೆ ನಡೆಯುವುದಿಲ್ಲ. ಆಷಾಢ, ಶ್ರಾವಣದಲ್ಲಿ ಕಾಗಿಣಾ ನೀರು ಎರೆ ಹೊಲಗಳನ್ನು ತೊಳೆದುಕೊಂಡು ಬಂದು ಕೆಸರಿನ ಬಣ್ಣಕ್ಕೆ ತಿರುಗಿರುತ್ತದೆ. ಆ ನೀರನ್ನು 0.45 ಮೈಕ್ರಾನ್ ಫಿಲ್ಟರಿಗೆ ಹಾಕಿದರೆ ಒಂದು ಲೀಟರ್ ಇರಲಿ, ಒಂದು ಲೋಟ ಇಳಿಯುವುದೂ ಕಷ್ಟ. ಪಂಪಿನ ಒತ್ತಡ ಹೆಚ್ಚಿಸಿದರೆ ಫಿಲ್ಟರ್ ಹರಿಯುತ್ತದೆ. ಬಾಟಲಿಯನ್ನು ಇಡೀ ರಾತ್ರಿ ಇಟ್ಟು ಮೇಲಿನ ತಿಳಿ ನೀರನ್ನಷ್ಟೇ ಸೋಸೋಣ ಎಂದರೆ ಇನ್ನೊಂದು ನಷ್ಟ. ಎರೆ ಮಣ್ಣಿನ ಜೇಡಿಕಣಕ್ಕೆ ಡಿಎನ್‌ಎ ಗಟ್ಟಿಯಾಗಿ ಅಂಟುತ್ತದೆ, ಕಣದ ಜೊತೆಗೇ ತಳಕ್ಕೆ ಇಳಿಯುತ್ತದೆ. ಇದಕ್ಕಿರುವ ದಾರಿ ದೊಡ್ಡ ರಂಧ್ರದ, ಅಂದರೆ 1.2ರಿಂದ 5 ಮೈಕ್ರಾನ್‌ವರೆಗಿನ ಫಿಲ್ಟರ್ ಬಳಸುವುದು, ಒಂದೇ ಮಾದರಿಯನ್ನು ಮೂರು ನಾಲ್ಕು ಫಿಲ್ಟರಿಗೆ ಹಂಚುವುದು, ಪ್ರತಿಯೊಂದರಲ್ಲಿ ಎಷ್ಟು ಮಿಲಿಲೀಟರ್ ಇಳಿಯಿತು ಎಂದು ಬರೆದಿಡುವುದು. ರಂಧ್ರ ದೊಡ್ಡದಾದರೆ ಸಣ್ಣ ತುಣುಕುಗಳು ತಪ್ಪಿಸಿಕೊಳ್ಳುತ್ತವೆ, ಆದರೆ ಹೆಚ್ಚು ನೀರು ಸೋಸಿದ ಲಾಭ ಅದನ್ನು ಸಾಕಷ್ಟು ಸರಿದೂಗಿಸುತ್ತದೆ.

ಬೇಸಿಗೆಯಲ್ಲಿ ತೊಂದರೆ ಬೇರೆ. ನೀರು ಬಿಸಿಯಾದಷ್ಟೂ ಬ್ಯಾಕ್ಟೀರಿಯಾ ಚುರುಕಾಗುತ್ತವೆ, ಡಿಎನ್‌ಎ ಬೇಗ ಕೊಳೆಯುತ್ತದೆ. ತಣ್ಣನೆಯ ನೀರಿನಲ್ಲಿ ವಾರಗಟ್ಟಲೆ ಉಳಿಯಬಹುದಾದದ್ದು ನಮ್ಮ ಮೇ ತಿಂಗಳಿನ ಮಡುವಿನಲ್ಲಿ ಕೆಲವೇ ದಿನಕ್ಕೆ ಮುಗಿಯುತ್ತದೆ. ಅಂದರೆ ಬೇಸಿಗೆಯಲ್ಲಿ ‘ಸಿಕ್ಕಿತು’ ಎಂದರೆ ಅದು ಹತ್ತಿರದ್ದೇ, ಇತ್ತೀಚಿನದ್ದೇ ಎಂದು ಹೆಚ್ಚು ಧೈರ್ಯವಾಗಿ ಹೇಳಬಹುದು. ‘ಸಿಗಲಿಲ್ಲ’ ಎಂಬ ಮಾತಿನ ಮೇಲೆ ಮಾತ್ರ ಅಷ್ಟೇ ಕಡಿಮೆ ಭರವಸೆ.

ಸೇಡಂ, ಶಹಾಬಾದ್, ಚಿತ್ತಾಪುರದ ಸುಣ್ಣಗಲ್ಲಿನ ನೆಲ ಒಂದು ಅನುಕೂಲ ಕೊಡುತ್ತದೆ. ಆಮ್ಲೀಯ ನೀರಿಗಿಂತ ಕ್ಷಾರೀಯ ನೀರಿನಲ್ಲಿ ಡಿಎನ್‌ಎ ಹೆಚ್ಚು ಕಾಲ ಉಳಿಯುತ್ತದೆ. ಆದರೆ ಗಡಸು ನೀರಿನ ಕ್ಯಾಲ್ಸಿಯಂ ಡಿಎನ್‌ಎಯನ್ನು ಜೇಡಿಗೆ ಇನ್ನಷ್ಟು ಬಿಗಿಯಾಗಿ ಅಂಟಿಸುತ್ತದೆ, ಪ್ರಮಾಣ ಮೀರಿದರೆ ಪಿಸಿಆರ್‌ಗೂ ಅಡ್ಡಿಯಾಗುತ್ತದೆ. ಕೊಳೆತ ಎಲೆ, ಪಾಚಿಗಳಿಂದ ಬರುವ ಹ್ಯೂಮಿಕ್ ಆಮ್ಲವೂ ಹಾಗೆಯೇ. ಇದಕ್ಕಾಗಿಯೇ ಪ್ರಯೋಗಾಲಯ ಪ್ರತಿ ಮಾದರಿಗೂ ಗೊತ್ತಿರುವ ಪ್ರಮಾಣದ ಒಂದು ಕೃತಕ ಡಿಎನ್‌ಎ ಸೇರಿಸಬೇಕು. ಅದು ಎಂದಿನ ಸುತ್ತಿಗಿಂತ ತಡವಾಗಿ ಕಾಣಿಸಿದರೆ ಮಾದರಿಯಲ್ಲಿ ಅಡ್ಡಿಯಿದೆ ಎಂದರ್ಥ. ಆಗ ಮಾದರಿಯನ್ನು ಹತ್ತು ಪಟ್ಟು ತೆಳುವಾಗಿಸಿ ಮತ್ತೆ ಓಡಿಸಬೇಕು. ಹಾಗೆ ಮಾಡದೆ ‘ಇಲ್ಲ’ ಎಂದು ಬರೆದರೆ, ಅದು ಮೀನು ಇಲ್ಲದ್ದಲ್ಲ, ಪರೀಕ್ಷೆ ನಡೆಯದೇ ಇದ್ದದ್ದು.

ಇವೆಲ್ಲ ಕೂಡಿಸಿ ನೋಡಿದರೆ, ಈ ಭಾಗದಲ್ಲಿ ಮುಖ್ಯ ಮಾದರಿ ಸಂಗ್ರಹಕ್ಕೆ ನವೆಂಬರ್‌ನಿಂದ ಫೆಬ್ರುವರಿವರೆಗಿನ ಕಾಲವೇ ಸರಿ. ನೀರು ತಿಳಿಯಾಗಿರುತ್ತದೆ, ಬಿಸಿ ಇರುವುದಿಲ್ಲ, ಹರಿವು ನಿಧಾನವಾಗಿರುತ್ತದೆ.

‘ಸಿಕ್ಕಿತು’ ಎಂದರೆ

ಭೀಮಾ ದಂಡೆಯ ಒಂದು ಪಟ್ಟಣದ ಚರಂಡಿ ಸೇರುವ ಜಾಗದಿಂದ ಸ್ವಲ್ಪ ಕೆಳಗೆ ನೀರು ತುಂಬಿ ಮೆಟಾಬಾರ್‌ಕೋಡಿಂಗ್ ಮಾಡಿಸಿದರೆ ಪಟ್ಟಿಯಲ್ಲಿ ಬಂಗಡೆ ಕಾಣಿಸಬಹುದು. ಸಮುದ್ರದ ಬಂಗಡೆ ಭೀಮಾ ನದಿಗೆ ಈಜಿ ಬಂದಿಲ್ಲ. ಮೀನಿನಂಗಡಿಯ ತೊಳೆದ ನೀರು, ಅಡುಗೆಮನೆಯ ನೀರು, ತಿಂದವರ ಮಲ ಎಲ್ಲ ಚರಂಡಿ ಹಿಡಿದು ಬಂದಿವೆ. ಬಂಗಡೆ ಕಂಡಾಗ ತಪ್ಪು ಎಂದು ಎಲ್ಲರಿಗೂ ತಿಳಿಯುತ್ತದೆ. ಆದರೆ ಮಾರುಕಟ್ಟೆಗೆ ಕದ್ದು ಬಂದ ಆಫ್ರಿಕನ್ ಕ್ಯಾಟ್‌ಫಿಶ್‌ನ ಡಿಎನ್‌ಎ ಅದೇ ಚರಂಡಿಯಲ್ಲಿ ಬಂದಿದ್ದರೆ ಅದನ್ನು ನದಿಯಲ್ಲಿ ವಾಸಿಸುವ ಮೀನು ಎಂದೇ ಓದಿಬಿಡುವ ಅಪಾಯವಿದೆ. ಸುರಪುರದ ಬೋನಾಳ ಪಕ್ಷಿಧಾಮದಂಥ ಕಡೆ ಇನ್ನೊಂದು ದಾರಿ ಇದೆ: ಹಕ್ಕಿ ಬೇರೆಡೆ ತಿಂದ ಮೀನಿನ ಡಿಎನ್‌ಎಯನ್ನು ಹಿಕ್ಕೆಯಲ್ಲಿ ಇಲ್ಲಿ ಹಾಕುತ್ತದೆ.

ಹರಿಯುವ ನೀರಿನಲ್ಲಿ ಡಿಎನ್‌ಎ ಹಲವು ಕಿಲೋಮೀಟರ್ ಸಾಗುತ್ತದೆ, ದೊಡ್ಡ ನದಿಗಳಲ್ಲಿ ಹತ್ತಾರು ಕಿಲೋಮೀಟರ್. ಅಫಜಲಪುರದ ಸೊನ್ನ ಬ್ಯಾರೇಜಿನಲ್ಲಿ ಸಿಕ್ಕ ಗುರುತು ಬ್ಯಾರೇಜಿನದ್ದೋ, ಮೇಲೆ ಮಹಾರಾಷ್ಟ್ರದ ಕಡೆಯದ್ದೋ ಎಂಬುದು ಒಂದು ಬಾಟಲಿಯಿಂದ ತಿಳಿಯುವುದಿಲ್ಲ. ಮೇಲ್ಮುಖವಾಗಿ ಹಂತಹಂತವಾಗಿ ತೆಗೆಯುತ್ತ, ಗುರುತು ಎಲ್ಲಿ ನಿಲ್ಲುತ್ತದೆ ಎಂದು ನೋಡಬೇಕು. ಮೀನು ಎಷ್ಟಿದೆ, ಎಷ್ಟು ದೊಡ್ಡದು, ಜೀವಂತವೋ ಸತ್ತದ್ದೋ ಎಂಬುದನ್ನೂ ಈ ಪರೀಕ್ಷೆ ಹೇಳುವುದಿಲ್ಲ. ಮೈಟೊಕಾಂಡ್ರಿಯಾ ತಾಯಿಯಿಂದ ಮಾತ್ರ ಬರುವುದರಿಂದ ಜಿಲೇಬಿಗಳ ಮಿಶ್ರತಳಿಯೂ ತಾಯಿಯ ಜಾತಿಯ ಹೆಸರಿನಲ್ಲೇ ಕಾಣುತ್ತದೆ.

ಇನ್ನೊಂದು ಲೆಕ್ಕವನ್ನು ಬಿಡಿಸಿ ಹೇಳಬೇಕು, ಏಕೆಂದರೆ ಗೊಂದಲ ಹುಟ್ಟುವುದೇ ಇಲ್ಲಿ. ನೂರು ಕೆರೆಗಳಲ್ಲಿ ಎರಡರಲ್ಲಿ ಮಾತ್ರ ಸಕ್ಕರ್ ಮೀನು ಇದೆ ಎಂದುಕೊಳ್ಳೋಣ. ಪರೀಕ್ಷೆ ಇರುವುದನ್ನು 90 ಶೇಕಡಾ ಸಲ ಹಿಡಿಯುತ್ತದೆ, ಇಲ್ಲದಿದ್ದರೂ 5 ಶೇಕಡಾ ಸಲ ‘ಇದೆ’ ಎನ್ನುತ್ತದೆ ಎಂದುಕೊಳ್ಳೋಣ. ಆಗ ನಿಜವಾದ ಎರಡೂ ಸಿಗಬಹುದು, ಅದರ ಜೊತೆಗೆ ಮೀನೇ ಇಲ್ಲದ 98 ಕೆರೆಗಳಲ್ಲಿ ಸುಮಾರು ಐದು ‘ಇದೆ’ ಎಂದು ಬರುತ್ತವೆ. ಏಳು ಕೆರೆಗಳ ಸುದ್ದಿಯಲ್ಲಿ ಐದು ಸುಳ್ಳು. ಪರೀಕ್ಷೆ ಕೆಟ್ಟದ್ದಲ್ಲ, ಹುಡುಕುವ ವಸ್ತು ಅಪರೂಪದ್ದು. ಹೀಗಾಗಿ ಮೊದಲ ‘ಸಿಕ್ಕಿತು’ ಬಂದ ಕೂಡಲೇ ಆ ಏಳು ಕೆರೆಗಳಿಗೆ ಹೊಸ ಬಾಟಲಿಗಳೊಂದಿಗೆ ಮರಳಿ ಹೋಗಬೇಕು, ಬೇರೊಂದು ಜೀನ್ ಗುರಿಯಾಗಿಸಿ ಪರೀಕ್ಷಿಸಬೇಕು, ಬಲೆಯನ್ನೂ ಹಾಕಬೇಕು.

‘ಸಿಗಲಿಲ್ಲ’ ಎಂದರೆ

ಒಂದು ಮಾದರಿಯಲ್ಲಿ ಮೀನನ್ನು ಹಿಡಿಯುವ ಸಾಧ್ಯತೆ 30 ಶೇಕಡಾ ಇದ್ದರೆ, ಐದು ಮಾದರಿಗಳಲ್ಲಿ ಒಂದರಲ್ಲಾದರೂ ಸಿಗುವ ಸಾಧ್ಯತೆ 83 ಶೇಕಡಾ, ಎಂಟರಲ್ಲಿ 94 ಶೇಕಡಾ. ಎರಡು ಬಾಟಲಿ ತುಂಬಿ ‘ಕೆರೆ ಸುರಕ್ಷಿತ’ ಎನ್ನುವ ವರದಿ ಏನನ್ನೂ ಸಾಬೀತು ಮಾಡುವುದಿಲ್ಲ.

ಒಪ್ಪುವವರು, ಒಪ್ಪದವರು

ಸಂರಕ್ಷಣೆಯಲ್ಲಿ ತೊಡಗಿರುವವರ ವಾದ ಸಮಯದ್ದು. ಆಕ್ರಮಣಕಾರಿ ಜೀವಿ ಬಲೆಗೆ ಸಿಗುವಷ್ಟು ಹೆಚ್ಚಿದಾಗ ಅದನ್ನು ತೆಗೆಯುವ ಕಾಲ ಮೀರಿರುತ್ತದೆ. ಐಪಿಬಿಇಎಸ್ ಎಂಬ ಅಂತರಸರ್ಕಾರಿ ವೇದಿಕೆ 2023ರಲ್ಲಿ ಕೊಟ್ಟ ವರದಿಯ ಪ್ರಕಾರ ಜಗತ್ತಿನಲ್ಲಿ 3,500ಕ್ಕೂ ಹೆಚ್ಚು ಹಾನಿಕರ ಆಕ್ರಮಣಕಾರಿ ಜಾತಿಗಳಿವೆ, ಅವುಗಳಿಂದಾದ ನಷ್ಟ 2019ರ ಒಂದೇ ವರ್ಷದಲ್ಲಿ 423 ಶತಕೋಟಿ ಡಾಲರ್ ಮೀರಿತ್ತು. ಇಂಥ ಜಾತಿಗಳು ಬಂದು ನೆಲೆಯೂರುವುದನ್ನು 2030ರೊಳಗೆ ಅರ್ಧಕ್ಕಿಳಿಸುವ ಗುರಿಗೆ 2022ರಲ್ಲಿ ದೇಶಗಳು ಒಪ್ಪಿವೆ. ಬೇಗ ಗೊತ್ತಾಗದೆ ಆ ಗುರಿ ಮುಟ್ಟಲಾಗದು.

ಮೀನು ವರ್ಗೀಕರಣ ತಿಳಿದವರ ವಾದ: ಕೈಯಲ್ಲಿ ಹಿಡಿದ ಮೀನು ಗಾತ್ರ, ವಯಸ್ಸು, ಗರ್ಭ, ರೋಗ ಎಲ್ಲವನ್ನೂ ಹೇಳುತ್ತದೆ. ದತ್ತಾಂಶ ಕೋಶಕ್ಕೆ ಹೆಸರು ತುಂಬುವವರೂ ಅವರೇ. ಬಲೆ ಸಮೀಕ್ಷೆಯ ಹಣವನ್ನು ಪೂರ್ತಿ ಇತ್ತ ತಿರುಗಿಸಿದರೆ ಹತ್ತು ವರ್ಷದಲ್ಲಿ ಮೀನು ಗುರುತಿಸುವವರೇ ಇರುವುದಿಲ್ಲ. ಈ ಆತಂಕ ನಿಜವಾದದ್ದು, ಇದನ್ನು ಹಳಬರ ಹಟ ಎಂದು ತಳ್ಳಿಹಾಕುವುದು ತಪ್ಪು.

ಮೀನು ಸಾಕುವ ರೈತರ ಭಯ ಸರಳ. ನೀರಿನ ಒಂದು ಗುರುತಿನ ಮೇಲೆ ಹೊಂಡ ಬರಿದು ಮಾಡಿ ಎಂದರೆ ನಷ್ಟ ಯಾರು ತುಂಬುತ್ತಾರೆ?

ಈ ಜಗಳ ಅಮೆರಿಕದಲ್ಲಿ ಆಗಿಹೋಗಿದೆ. 2009ರಲ್ಲಿ ಷಿಕಾಗೋ ಕಾಲುವೆಯಲ್ಲಿ, ಮೀನು ದಾಟದಂತೆ ನೀರಿನಲ್ಲಿ ಹಾಕಿದ್ದ ವಿದ್ಯುತ್ ತಡೆಯ ಆಚೆಗೆ, ಏಷ್ಯಾ ಮೂಲದ ಕಾರ್ಪ್ ಮೀನುಗಳ ಡಿಎನ್‌ಎ ಸಿಕ್ಕಿತು. ನೆರೆಯ ರಾಜ್ಯ ಕಾಲುವೆ ಮುಚ್ಚಿಸಲು ಸುಪ್ರೀಂ ಕೋರ್ಟಿಗೆ ಹೋಯಿತು, ಕೋರ್ಟ್ ತಕ್ಷಣದ ಆದೇಶ ಕೊಡಲಿಲ್ಲ. ದೋಣಿ, ಹಕ್ಕಿ, ಚರಂಡಿಗಳಿಂದ ಡಿಎನ್‌ಎ ಬಂದಿರಬಹುದೇ ಎಂದು ವರ್ಷಗಟ್ಟಲೆ ಅಧ್ಯಯನ ನಡೆಯಿತು. 2010ರಲ್ಲಿ ತಡೆಯ ಆಚೆಗಿನ ಕ್ಯಾಲುಮೆಟ್ ಸರೋವರದಲ್ಲಿ ಒಂದು ಜೀವಂತ ಬಿಗ್‌ಹೆಡ್ ಕಾರ್ಪ್ ಸಿಕ್ಕಿತು. ಎರಡೂ ಕಡೆಯವರು ಅದನ್ನೇ ತಮ್ಮ ಪುರಾವೆ ಮಾಡಿಕೊಂಡರು: ಒಬ್ಬರಿಗೆ ಅದು ಡಿಎನ್‌ಎ ಹೇಳಿದ್ದು ನಿಜ ಎಂಬುದರ ಸಾಕ್ಷಿ, ಇನ್ನೊಬ್ಬರಿಗೆ ಇಷ್ಟು ಹುಡುಕಿದರೂ ಒಂದೇ ಸಿಕ್ಕಿತು ಎಂಬುದರ ಸಾಕ್ಷಿ. ಗುರುತು ಸಿಕ್ಕಾಗ ಏನು ಮಾಡಬೇಕೆಂದು ಮೊದಲೇ ಒಪ್ಪಂದವಾಗಿದ್ದರೆ ಈ ಗೊಂದಲ ಇಷ್ಟು ಬೆಳೆಯುತ್ತಿರಲಿಲ್ಲ.

ಕಾನೂನಿನ ಹಿಡಿತ

2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಆಕ್ರಮಣಕಾರಿ ಅನ್ಯದೇಶೀಯ ಜೀವಿಗಳ ಆಮದು, ಮಾರಾಟ, ಸಾಕಣೆಗಳನ್ನು ನಿಯಂತ್ರಿಸುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿದೆ. ಅದರ ವ್ಯಾಖ್ಯೆ ಭಾರತದ ಮೂಲದ್ದಲ್ಲದ ಜೀವಿಗೆ ಸೀಮಿತ. ನಮ್ಮ ಜಲಾಶಯಗಳಿಗೆ ವರ್ಷವರ್ಷ ಬಿಡುವ ರೋಹು, ಮೃಗಾಲ್‌ಗಳು ಮೂಲತಃ ಗಂಗಾ ಕಡೆಯ ಮೀನುಗಳು. ಭೀಮಾ ನೀರಿನ ಯಾವುದೇ ಪಟ್ಟಿಯಲ್ಲಿ ಅವು ಮೇಲೆಯೇ ಇರುತ್ತವೆ, ಆದರೆ ಕಾನೂನಿನ ಕಣ್ಣಿಗೆ ಅವು ಹೊರಗಿನವಲ್ಲ. ಪಟ್ಟಿಯಲ್ಲಿ ‘ಸ್ಥಳೀಯ’ ಮತ್ತು ‘ಹೊರಗಿನ’ ಎಂಬ ಕಾಲಂ ಯಾರು, ಯಾವ ಆಧಾರದಲ್ಲಿ ತುಂಬಿದರು ಎಂದು ಕೇಳಬೇಕಾದ್ದು ಇದಕ್ಕೇ.

ಮೊದಲ ಬಾಟಲಿ ಎಲ್ಲಿ

ಹರಿಯುವ ನದಿಯಲ್ಲಿ ನೆಲೆಯೂರಿದ ಮೀನನ್ನು ಪೂರ್ತಿ ತೆಗೆಯಲು ಆಗುವುದಿಲ್ಲ. ಕೃಷಿಹೊಂಡ ಅಥವಾ ಸಣ್ಣ ಕೆರೆಯಾದರೆ ಬೇಸಿಗೆಯಲ್ಲಿ ಬತ್ತಿಸಿ, ಹೂಳು ತೆಗೆದು, ಒಂದು ಕಾಲ ಒಣಗಿಸಿ ಮುಗಿಸಬಹುದು. ಹೀಗಾಗಿ ಪರೀಕ್ಷೆಯ ಹಣವನ್ನು ಬಸವಸಾಗರ ಅಥವಾ ಕಾರಂಜಾದಂಥ ದೊಡ್ಡ ಜಲಾಶಯದ ನಡುನೀರಿಗೆ ಸುರಿಯುವುದಕ್ಕಿಂತ ಜೀವಿ ಒಳಬರುವ ಬಾಗಿಲುಗಳಲ್ಲಿ ಇಡುವುದು ಮೇಲು: ಮರಿ ಮಾರುವ ಹೊಂಡಗಳ ಹೊರಹರಿವು, ಅಕ್ವೇರಿಯಂ ಅಂಗಡಿಗಳಿರುವ ಪಟ್ಟಣದ ಕೆರೆ, ಕಾಲುವೆ ಕೆರೆಗೆ ಸೇರುವ ತೂಬು, ರಾಜ್ಯದ ಗಡಿ ದಾಟಿ ಭೀಮಾ, ಕಾಗಿಣಾ, ಮಾಂಜ್ರಾ ಒಳಬರುವ ಜಾಗ.

ಇದಕ್ಕೆ ಬೇಕಾದ ತಜ್ಞತೆ ದೂರ ಇಲ್ಲ. ಬೀದರಿನಲ್ಲಿ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ ಇದೆ, ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ, ಕಲಬುರಗಿಯಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವಿದೆ. ಮೊದಲ ವರ್ಷದ ಕೆಲಸ ನೀರು ತುಂಬುವುದಕ್ಕಿಂತ ಮೀನು ಹಿಡಿಯುವುದೇ ಆಗಿರಬೇಕು: ಮೀನುಗಾರರ ಜೊತೆ ಹಳ್ಳಹಳ್ಳಕ್ಕೆ ಇಳಿದು, ಅವರು ಕರೆಯುವ ಹೆಸರು, ಫೋಟೋ, ರೆಕ್ಕೆಯ ಒಂದು ತುಣುಕು ಸಂಗ್ರಹಿಸಿ, ಪ್ರತಿ ಜಾತಿಯ ಡಿಎನ್‌ಎ ದಾಖಲಿಸುವುದು. ಗ್ರಾಮ ಪಂಚಾಯಿತಿಗಳ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಇಡಬೇಕಾದ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಈ ಹೆಸರುಗಳಿಗೆ ಜಾಗವಿದೆ. ಅದರ ಜೊತೆಗೇ ಮೀನುಗಾರಿಕೆ ಇಲಾಖೆ, ಅರಣ್ಯ ಇಲಾಖೆ, ನೀರಾವರಿ ನಿಗಮ, ಮೀನುಗಾರರ ಸಹಕಾರ ಸಂಘ ಕೂತು ಒಂದು ಪುಟದ ಒಪ್ಪಂದ ಬರೆಯಬೇಕು: ಎಷ್ಟು ಮಾದರಿಯಲ್ಲಿ ಎಷ್ಟು ಸಲ ಸಿಕ್ಕರೆ ‘ಸಂಶಯ’, ಮರುಪರೀಕ್ಷೆ ಎಷ್ಟು ದಿನದೊಳಗೆ, ಬಲೆ ಯಾರು ಹಾಕುತ್ತಾರೆ, ಖಚಿತವಾದರೆ ಯಾವ ಹೊಂಡ ಬತ್ತಿಸಬೇಕು, ರೈತನಿಗೆ ಪರಿಹಾರ ಯಾವ ಲೆಕ್ಕದಿಂದ, ಪತ್ರಿಕೆಗೆ ಯಾವ ಹಂತದಲ್ಲಿ ತಿಳಿಸಬೇಕು. ಆ ಪುಟಕ್ಕೆ ನಾಲ್ವರ ಸಹಿ ಬಿದ್ದ ಮೇಲೆ ನವೆಂಬರಿನಲ್ಲಿ ಬಾಟಲಿ ತುಂಬಲು ಶುರು ಮಾಡಬಹುದು.